ಸೂಜಿಯಕ್ಕನ ಸಪ್ಪೆ ಊಟ

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರ ಬಟ್ಟೆ ಸಡಿಲ ಮಾಡುವುದು, ಬಿಗಿ ಮಾಡುವುದು, ಉದ್ದ ತಗ್ಗಿಸುವುದು ಅವಳ ಕೆಲಸ. ಹೊಸದಾಗಿ ಏನನ್ನೂ ಹೊಲಿಯುತ್ತಿರಲಿಲ್ಲ. ಆ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗಿರಾಕಿಗಳು ನಿಂತು ನೋಡಿಕೊಳ್ಳಲು ಆಳೆತ್ತರದ ಕನ್ನಡಿ, ಅದರ ಮುಂದೆ ಒಂದು ಪರದೆ. ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವಳಿಗೆ. ಹಾಗಾಗಿ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಸೂಜಿಯಕ್ಕ ಅನ್ನುತ್ತಿದ್ದರು. ಗಿರಾಕಿಗಳು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದು ನಿಂತರೆ, 'ಉಸಿರು ಬಿಡಿ, ನನ್ನ ಹತ್ರ ನಾಚಿಕೆ ಯಾಕೆ' ಎಂದು ಸೂಜಿಗಳ ಸಂದಿಯಿಂದಲೇ ಗೊಣಗುತ್ತಿದ್ದಳು.

ಗಂಡ ಬಸ್ಸಿನ ಡ್ರೈವರ್. ದೊಡ್ಡ ದನಿಯ, ದೊಡ್ಡ ಕೈಯ ಆಳು. ಊಟಕ್ಕೆ ಕೂತರೆ ಎದುರಿಗಿದ್ದವರಿಗೂ ಹಸಿವಾಗಬೇಕು, ಹಾಗೆ ತಿನ್ನುತ್ತಿದ್ದ. ಒಂದು ಬೆಳಿಗ್ಗೆ ಬಸ್ಸು ತುಂಬಾ ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದಾಗ ಅವನ ಎಡತೋಳು ಜೋಮು ಹಿಡಿಯಿತು. ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು, ನಿಲ್ಲಿಸಿ, ಬ್ರೇಕು ಎಳೆದು, ಬಾಗಿಲು ತೆರೆಯುವ ಗುಂಡಿಯನ್ನೂ ಒತ್ತಿ, ಆಮೇಲೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ಜನ ಅವನನ್ನು ಹೊಗಳಿದರು. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಬಸ್ಸು ಓಡಿಸಲು ಬಿಡಲಿಲ್ಲ. ಡಿಪೋದ ಒಂದು ಸಣ್ಣ ಕಿಂಡಿಯ ಹಿಂದೆ ಕೂರಿಸಿದರು. ಬೆಳಿಗ್ಗೆ ಬೇರೆ ಡ್ರೈವರ್‌ಗಳಿಗೆ ಬಸ್ಸಿನ ಕೀಲಿ ಕೊಡುವುದು, ಸಂಜೆ ಅವರಿಂದ ವಾಪಸ್ ತೆಗೆದುಕೊಂಡು ಕೊಕ್ಕೆಗೆ ತಗುಲಿಸುವುದು. ಅಷ್ಟೇ.

ಆಸ್ಪತ್ರೆಯಿಂದ ಕಳಿಸುವ ದಿನ ಡಾಕ್ಟರು ಮಂಚದ ಪಕ್ಕ ನಿಂತು ಹೇಳಿದರು. ಉಪ್ಪು ಕಡಿಮೆ, ಎಣ್ಣೆ ಬೆಣ್ಣೆ ಕಡಿಮೆ, ಸಿಹಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದನ್ನೆಲ್ಲ ಹೇಳುವಾಗ ಡ್ರೈವರನ ಮುಖ ನೋಡಲಿಲ್ಲ, ಅವಳ ಮುಖ ನೋಡಿದರು. 'ಇನ್ನು ಮನೆಯವರ ಕೈಯಲ್ಲಿದೆ' ಅಂದು ಮುಂದಿನ ಮಂಚಕ್ಕೆ ಹೋದರು.

ಆ ಮಾತನ್ನು ಅವಳು ತಲೆ ಮೇಲೆ ಹೊತ್ತುಕೊಂಡು ಮನೆಗೆ ಬಂದಳು. ಅವತ್ತೇ ಬಿಸ್ಕತ್ತಿನ ಡಬ್ಬಿ ಖಾಲಿಯಾಯಿತು. ಬೆಣ್ಣೆ ಪಕ್ಕದ ಮನೆಗೆ ಹೋಯಿತು. ಗಂಡ ಡಿಪೋದಿಂದ ಬಂದು ಅಂಗಿ ಬಿಚ್ಚಿಟ್ಟರೆ, ಒಗೆಯಲು ಹಾಕುವ ಮುಂಚೆ ಒಮ್ಮೆ ಮೂಸುತ್ತಿದ್ದಳು. ಕ್ಯಾಂಟೀನಿನ ಕರಿದ ವಾಸನೆ ಹೊಡೆಯುತ್ತದೋ ಅಂತ. ಹೊಡೆದರೆ ಏನೂ ಹೇಳುತ್ತಿರಲಿಲ್ಲ, ಮುಖ ಊದಿಸಿಕೊಂಡು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ತಾನೂ ಅವನು ತಿಂದದ್ದನ್ನೇ ತಿಂದಳು. ಅವನ ಮುಂದೆ ಬೇರೆ ಏನಾದರೂ ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಅವನ ಕಣ್ಣು ತಪ್ಪಿಸಿ ತಿನ್ನಲಂತೂ ಮನಸ್ಸೇ ಬರಲಿಲ್ಲ. ಅಂಗಡಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕು ಹಂಚಿದಾಗ, 'ನನಗೆ ಈಗ ಸಿಹಿ ಹಿಡಿಸಲ್ಲ' ಅಂದುಬಿಟ್ಟಳು. ಸುಳ್ಳು. ಕೇಕಿನ ತಟ್ಟೆ ಆ ಕೋಣೆ ದಾಟಿ ಹೋಗುವ ತನಕ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದಳು.

ವರ್ಷದ ಕೊನೆಯ ದೊಡ್ಡ ರಜೆಗೆ ಮನೆಮಂದಿ ಇವರಲ್ಲೇ ಸೇರುವುದು ರೂಢಿ. ಅತ್ತೆ ಇಲ್ಲಿರುವುದರಿಂದ ಅದು ಹಾಗೇ ನಡೆದುಕೊಂಡು ಬಂದಿತ್ತು. ಬರುವವರು ಹೆಚ್ಚಿಲ್ಲ. ಗಂಡನ ಅಕ್ಕ, ಅಂದರೆ ಅವಳ ನಾದಿನಿ, ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಟಯರ್ ಅಂಗಡಿ ಇಟ್ಟಿದ್ದ ಮೈದುನ, ಅವನ ಹೆಂಡತಿ. ಮನೆಯಲ್ಲಿ ಇವರದೇ ಮಗಳು, ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗುವವಳು. ಪ್ರತಿ ವರ್ಷ ಬೆಣ್ಣೆ ಸವರಿದ ಕೋಳಿ, ಬುಟ್ಟಿಗಟ್ಟಲೆ ಕರಿದ ಆಲೂಗಡ್ಡೆ, ಕೆನೆ ಹಾಕಿದ ಕೇಕು. ತಿಂದು ಎಲ್ಲರೂ ಎಲ್ಲಿ ಕೂತಿದ್ದರೋ ಅಲ್ಲೇ ಒರಗುತ್ತಿದ್ದರು.

ಈ ಸಲ ಏನು ಮಾಡುವುದು ಎಂದು ಸೂಜಿಯಕ್ಕನಿಗೆ ಬಹಳ ಮೊದಲೇ ಯೋಚನೆ ಹತ್ತಿತು. ನಾದಿನಿಗೆ ಫೋನ್ ಮಾಡಿದಳು.

'ಅಕ್ಕಾ, ಈ ಸಲ ಊಟ ಸ್ವಲ್ಪ ಬೇರೆ ಥರ ಮಾಡೋಣ ಅಂತಿದ್ದೀನಿ. ಅವರಿಗೆ ಆಗೋ ಹಾಗೆ.'

'ಮಾಡು ಮಾರಾಯ್ತಿ, ಅದಕ್ಕೆ ಕೇಳಬೇಕಾ' ಅಂದಳು ನಾದಿನಿ. 'ನಮಗೂ ಒಳ್ಳೇದೇ. ನನ್ನ ಸೊಂಟ ನೋಡಿದ್ದೀಯಲ್ಲ.'

ಮೈದುನನೂ ಒಪ್ಪಿದ. 'ನೀವು ಹುಲ್ಲು ಹಾಕಿದ್ರೂ ತಿಂತೀನಿ ಅತ್ತಿಗೆ, ಅಣ್ಣನಿಗಿಂತ ಹೆಚ್ಚಾ' ಅಂದ. ಅವನೇ ಅವಳಿಗೆ ಜೈಲರಮ್ಮ ಅಂತ ಹೆಸರಿಟ್ಟವನು. ಎದುರಿಗೇ ಕರೆಯುತ್ತಿದ್ದ, ಅವಳೂ ನಗುತ್ತಿದ್ದಳು.

ಬರುವವರೆಲ್ಲ ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವರಲ್ಲಿ ಯಾರಾದರೂ ಒಬ್ಬರು ಬೇಡ ಅಂದಿದ್ದರೆ, ಸರಿ ನೀವೇ ಮಾಡಿ ಅಂತ ಕೈ ತೊಳೆದುಕೊಳ್ಳಬಹುದಿತ್ತು. ಈಗ ಪೂರ್ತಿ ಊಟ ಅವಳ ಕೊರಳಿಗೇ ಬಿತ್ತು.

ಮನೆಯಲ್ಲಿ ಬೇಡ ಅಂದವರು ಅತ್ತೆ ಒಬ್ಬರೇ. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲೇ ದಿನ ಕಳೆಯುತ್ತಿದ್ದ ಅವರು, 'ವರ್ಷಕ್ಕೊಂದು ದಿನ ತಿಂದ್ರೆ ಯಾರೂ ಸಾಯಲ್ಲ' ಅಂದರು. ಅಂದ ಮೇಲೆ ತಾವು ಬಳಸಿದ ಮಾತು ತಮಗೇ ಕೇಳಿಸಿ, ನಾಲಿಗೆ ಕಚ್ಚಿಕೊಂಡು, ಟಿವಿಯ ಸದ್ದು ಏರಿಸಿದರು.

ಹೊಲಿಗೆ ಯಂತ್ರದ ಮುಂದೆ ಕೂತಾಗೆಲ್ಲ ಊಟ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಕೋಳಿಯ ಬದಲು ಮೀನು. ಬೆಣ್ಣೆ ಬೇಡ, ನಿಂಬೆಹಣ್ಣಿನ ಹೋಳುಗಳ ಮೇಲೆ ಮಲಗಿಸಿ ಒಲೆಯ ಹಬೆಯಲ್ಲೇ ಬೇಯಿಸುವುದು. ಆಲೂಗಡ್ಡೆ ಕರಿಯುವ ಬದಲು ಸಿಪ್ಪೆ ಸಮೇತ ಸುಡುವುದು. ಉಪ್ಪಿನ ಕೊರತೆ ಗೊತ್ತಾಗದಂತೆ ಬೆಳ್ಳುಳ್ಳಿ, ಕರಿಮೆಣಸು. ಕುಂಬಳಕಾಯಿಯ ಸೂಪು. ಕೇಕಿನ ಜಾಗದಲ್ಲಿ ದಾಲ್ಚಿನ್ನಿ ಉದುರಿಸಿ ಬೇಯಿಸಿದ ಸೇಬು. ಒಂದು ಪ್ಯಾಂಟಿನ ಸೊಂಟ ಬಿಚ್ಚುತ್ತಾ, ಸೇಬಿನ ಒಳಗೆ ಒಣದ್ರಾಕ್ಷಿ ತುಂಬಬಹುದಾ, ಅದೂ ಸಿಹಿಯೇ ಅಲ್ಲವಾ ಎಂದು ಯೋಚಿಸುತ್ತಾ, ಬಿಚ್ಚಬಾರದ ಹೊಲಿಗೆಯನ್ನೂ ಬಿಚ್ಚಿದಳು. ಮಾಲೀಕ ಪರದೆ ಸರಿಸಿ ನೋಡಿ, 'ಏನು ಸೂಜಿಯಕ್ಕಾ, ಮನಸ್ಸೆಲ್ಲಿದೆ' ಅಂದ.

'ಒಲೆ ಮೇಲೆ' ಅಂದಳು ಅವಳು.

ರಜೆಗೆ ಮುಂಚೆ ಒಂದು ಸಂಜೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ ಗಂಡನ ಮುಂದಿಟ್ಟಳು. ಅವನು ಸದ್ದಿಲ್ಲದೆ ತಿಂದ. ಆಸ್ಪತ್ರೆಯಿಂದ ಬಂದಾಗಿನಿಂದ ಅವನು ಹಾಗೇ, ಮನೆಗೆ ಬಂದ ನೆಂಟನ ಥರ ಊಟ ಮಾಡುತ್ತಿದ್ದ.

'ಹೇಗಿದೆ?'

'ಚೆನ್ನಾಗಿದೆ.'

'ಸೂಪು?'

'ಅದೂ ಚೆನ್ನಾಗಿದೆ.'

'ಉಪ್ಪು ಏನಾದ್ರೂ ಸಾಲದು ಅನ್ಸತ್ತಾ?'

'ನೀನು ಹಾಕಿದಷ್ಟೇ ಸರಿ.'

ಹಿಂದೆ ಉಪ್ಪು ಒಂದು ಕಲ್ಲು ಹೆಚ್ಚುಕಡಿಮೆಯಾದರೆ ಬೀದಿಗೆ ಕೇಳುವಂತೆ ಮಾತಾಡುತ್ತಿದ್ದವನು. ಅವಳಿಗೆ ಅವನ ಜೊತೆ ಜಗಳ ಆಡಬೇಕು ಅನ್ನಿಸಿತು. ಅವನು ತಟ್ಟೆ ತಳ್ಳಿ, ಇದೇನು ಮೇವಾ ಅಂತ ಒಂದು ಸಲ ಕೂಗಾಡಿದರೆ ಸಾಕು. ಆದರೆ ಅವನು ತಟ್ಟೆ ತೊಳೆದಿಟ್ಟು, ಮಾತ್ರೆ ನುಂಗಿ, ಅವಳಿಗೆ ಕಾಣಲಿ ಎಂದು ಮಾತ್ರೆಯ ಖಾಲಿ ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ಹೋದ.

ರಜೆಯ ದಿನ ಬೆಳಕು ಹರಿದಾಗಿನಿಂದ ಅವಳು ಅಡುಗೆಮನೆಯಲ್ಲೇ. ಮಗಳು ಆಗೊಮ್ಮೆ ಈಗೊಮ್ಮೆ ಇಣುಕಿ, 'ಏನಾದ್ರೂ ಹೆಚ್ಚಿಕೊಡ್ಲಾ' ಅಂದಳು, ಹೆಚ್ಚಿಕೊಡದೆ ಹೋದಳು. ಮಧ್ಯಾಹ್ನ ಇಳಿದ ಮೇಲೆ ನೆಂಟರು ಬಂದರು. ಮೈದುನನ ಕೈಯಲ್ಲಿ ಒಂದು ದೊಡ್ಡ ಚೀಲವಿತ್ತು. 'ಮಗಳಿಗೆ ಹಳೇ ಬಟ್ಟೆ ಅತ್ತಿಗೆ' ಅಂದವನೇ ಸೀದಾ ಮಹಡಿಗೆ ಹೋಗಿ ಇಟ್ಟು ಬಂದ. ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಎಷ್ಟು ಕಷ್ಟಪಟ್ಟಿದ್ದೀರಿ ಅಕ್ಕಾ' ಅಂದಳು. ಅವಳ ದನಿಯಲ್ಲಿ ಏನೋ ಮುದುಡಿದಂತಿತ್ತು. ಆದರೆ ಮೀನು ಒಲೆಯಿಂದ ಇಳಿಸುವ ಹೊತ್ತು, ಸೂಜಿಯಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸೂಪು ಬಡಿಸಿದಳು. ಎಲ್ಲರೂ ಆಹಾ ಅಂದರು. ನಾದಿನಿ ಎರಡು ಚಮಚ ಕುಡಿದು, 'ಕುಂಬಳಕಾಯಿ ಇಷ್ಟು ರುಚಿ ಇರತ್ತೆ ಅಂತ ಗೊತ್ತೇ ಇರಲಿಲ್ಲ' ಅಂದು ಬಟ್ಟಲು ಕೆಳಗಿಟ್ಟಳು. ಸೂಜಿಯಕ್ಕ ಮೀನಿನ ತಟ್ಟೆ ಸಿದ್ಧಮಾಡಲು ಒಳಗೆ ಹೋದಳು. ನಿಂಬೆ ಹೋಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಹಸಿರು ಸೊಪ್ಪು ಉದುರಿಸಿದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಮಗಳ ಕೋಣೆಯ ಹೊಸ ಪರದೆ ನೋಡಲು ನಾದಿನಿ ಹೊರಟಿರಬೇಕು ಅಂದುಕೊಂಡಳು. ಮತ್ತೆ ಸಪ್ಪಳ. ಯಾರಿಗೋ ಫೋನ್ ಬಂದಿರಬೇಕು.

ತಟ್ಟೆ ಹಿಡಿದು ಹೊರಗೆ ಬಂದರೆ ಮೇಜಿನ ಸುತ್ತ ಖಾಲಿ ಕುರ್ಚಿಗಳು. ಅತ್ತೆ ಒಬ್ಬರೇ ತಮ್ಮ ಮೂಲೆಯಲ್ಲಿ, ಮಡಿಲ ಮೇಲೆ ಮಡಚಿದ ಕೈವಸ್ತ್ರ ಇಟ್ಟುಕೊಂಡು ಕೂತಿದ್ದರು.

'ಎಲ್ಲಿ ಎಲ್ಲರೂ?'

'ಬರ್ತಾರೆ, ಕೂತ್ಕೋ' ಅಂದರು ಅತ್ತೆ, ಅವಳತ್ತ ನೋಡದೆ.

ತಟ್ಟೆಯನ್ನು ಮೇಜಿನ ಮೇಲಿಟ್ಟು ಅವಳು ಮಹಡಿ ಹತ್ತಿದಳು. ಅರ್ಧ ಹತ್ತುವಷ್ಟರಲ್ಲೇ ವಾಸನೆ ಬಂತು. ಬೆಣ್ಣೆಯ ವಾಸನೆ. ಬೇಡ ಅಂದರೂ ಬಾಯಲ್ಲಿ ನೀರೂರಿತು. ಯಾರೋ ನಕ್ಕರು, ಯಾರೋ ಶ್ ಅಂದರು. ಮಗಳ ಕೋಣೆಯ ಬಾಗಿಲು ಓರೆಯಾಗಿತ್ತು. ತಳ್ಳಿದಳು.

ಹಾಸಿಗೆಯ ಮೇಲೆ ಹಳೆಯ ಪೇಪರು ಹಾಸಿ ಅದರ ಮೇಲೆ ಬೆಣ್ಣೆ ಸವರಿದ ಕೋಳಿ, ಕರಿದ ಆಲೂಗಡ್ಡೆ, ತೆರೆದ ಕೇಕಿನ ಡಬ್ಬಿ. ಮೈದುನನ ಬಾಯಿ ತುಂಬಿತ್ತು. ನಾದಿನಿ, ಓರಗಿತ್ತಿ ಬೆರಳು ಚೀಪುತ್ತಿದ್ದರು. ಮಗಳು ಕಿಟಕಿ ತೆರೆದು ಪೇಪರಿನಿಂದ ವಾಸನೆ ಹೊರಗೆ ಬೀಸುತ್ತಿದ್ದಳು. ಹಾಸಿಗೆಯ ತುದಿಯಲ್ಲಿ ಡ್ರೈವರ್ ಕೂತಿದ್ದ, ಕೈಯಲ್ಲಿ ಕೇಕಿನ ತುಂಡು. ಅವನು ನಗುತ್ತಿದ್ದ. ಎಷ್ಟೋ ತಿಂಗಳಿಂದ ಕಾಣದ ಅವನ ಹಳೆಯ ನಗು, ಹೆಗಲು ಕುಲುಕುವ ನಗು. ಅವಳನ್ನು ನೋಡಿದ್ದೇ ಅದು ಅಲ್ಲೇ ನಿಂತಿತು.

'ಜೈಲರಮ್ಮ ಬಂದ್ರು' ಅಂದ ಮೈದುನ. ಯಾರೂ ನಗಲಿಲ್ಲ. ಅವನೇ ಒಮ್ಮೆ ಕೆಮ್ಮಿದ.

ಅವಳಿಗೆ ಕೂಗಬೇಕು ಅನ್ನಿಸಲಿಲ್ಲ. ಗಂಡನ ಕೈಯಿಂದ ಕೇಕು ಕಿತ್ತುಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ಆ ಹಾಸಿಗೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಅದರ ಮೇಲೆ ಕಣ್ಣು ನೆಟ್ಟಿತು.

'ಕೆಳಗೆ ಮೀನು ಆರ್ತಾ ಇದೆ' ಅಂದು ಇಳಿದು ಬಂದಳು.

ಅತ್ತೆಯ ಎದುರು ಕುರ್ಚಿಯಲ್ಲಿ ಕೂತಳು. ಮಹಡಿಯಲ್ಲಿ ಪೇಪರು ಸುತ್ತುವ ಸದ್ದು, ಗುಸುಗುಸು. ಅತ್ತೆ ಮಡಿಲ ಕೈವಸ್ತ್ರ ಬಿಚ್ಚಿದರು. ಒಳಗೆ ಅರ್ಧ ತಿಂದ ಕೇಕು.

'ನನಗೂ ಒಂದು ತುಂಡು ತಂದುಕೊಟ್ರು' ಅಂದರು. 'ನಿನ್ನನ್ನೂ ಕರೀರಿ ಅಂದೆ ನಾನು. ನಿಜವಾಗ್ಲೂ ಅಂದೆ. ನಿನ್ನ ಗಂಡನೇ ಬೇಡ ಅಂದ.'

'ಯಾಕಂತೆ?'

'ಅವಳಿಗೆ ಇದೆಲ್ಲ ಹಿಡಿಸಲ್ಲ, ಬೇಜಾರು ಮಾಡ್ಕೋತಾಳೆ ಅಂದ.'

ಸೂಜಿಯಕ್ಕ ಕೈ ಚಾಚಿದಳು. ಅತ್ತೆ ಕೇಕನ್ನು ಕೈವಸ್ತ್ರ ಸಮೇತ ಕೊಟ್ಟರು. ಅವಳು ಅದನ್ನು ಮುರಿಯದೆ, ಒಂದೇ ಸಲಕ್ಕೆ ಬಾಯಿಗೆ ತುಂಬಿಕೊಂಡಳು. ಕೆನೆ ಮೂಗಿಗೂ ತಗುಲಿತು. ಬಹಳ ಚೆನ್ನಾಗಿತ್ತು. ಕೆಟ್ಟದಾಗಿದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅತ್ತೆ ತಮ್ಮ ಸೆರಗಿನಿಂದ ಅವಳ ಮೂಗು ಒರೆಸಿದರು, ಮಗುವಿಗೆ ಒರೆಸಿದ ಹಾಗೆ.

ಆಮೇಲೆ ಒಬ್ಬೊಬ್ಬರೇ ಇಳಿದು ಬಂದರು. ತಮ್ಮ ತಮ್ಮ ಜಾಗದಲ್ಲಿ ಕೂತರು. ಆರಿದ ಮೀನನ್ನು ಅವಳು ಬಡಿಸಿದಳು, ಅವರು ತಿಂದರು. ಹೊಟ್ಟೆ ತುಂಬಿದವರು ತಿನ್ನುವುದನ್ನು ನೋಡುವುದು ಒಂದು ಹಿಂಸೆ. ನಾದಿನಿ ಒಂದೊಂದು ತುತ್ತಿಗೂ ನೀರು ಕುಡಿದಳು. ಡ್ರೈವರ್ ತನ್ನ ತಟ್ಟೆಯದನ್ನೆಲ್ಲ ಮುಗಿಸಿ, 'ಇನ್ನೊಂದು ತುಂಡು ಹಾಕು' ಅಂದ. ಅವಳು ಹಾಕಿದಳು. ಅದನ್ನೂ ತಿಂದ. ಬೇಡವಾಗಿದ್ದರೂ ತಿನ್ನುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಬಿಡು ಅನ್ನಲು ಅವಳಿಗೆ ಬಾಯಿ ಬರಲಿಲ್ಲ, ಸಾಕು ಅನ್ನಲು ಅವನಿಗೆ ಬರಲಿಲ್ಲ. ಸೇಬಿನ ತಟ್ಟೆ ಮೇಜಿನ ಸುತ್ತ ಒಂದು ಸುತ್ತು ಹೋಗಿ ಹಾಗೇ ವಾಪಸ್ ಬಂತು.

ಹೊರಡುವಾಗ ಓರಗಿತ್ತಿ ಬಾಗಿಲಲ್ಲಿ ಅವಳ ಕೈ ಹಿಡಿದು, 'ತಪ್ಪಾಯ್ತು ಅಕ್ಕಾ' ಅಂದಳು. ಸೂಜಿಯಕ್ಕ, 'ಹುಷಾರಾಗಿ ಹೋಗಿ' ಅಂದಳು.

ಮರುದಿನ ಬೆಳಿಗ್ಗೆ ಎದ್ದು ಬಂದರೆ ಡ್ರೈವರ್ ಆಗಲೇ ಪಾತ್ರೆ ತೊಳೆಯುತ್ತಿದ್ದ. ಅವಳು ಬಟ್ಟೆ ತೆಗೆದುಕೊಂಡು ಒರೆಸಲು ನಿಂತಳು.

'ಎದೆ ಹೇಗಿದೆ?' ಎಂದು ಕೇಳಿದಳು.

ಅವನು ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟ. 'ನೋಡು, ಬೆಳಿಗ್ಗೆ ಎದ್ದು ಮೊದಲ ಮಾತು ಇದು. ಒಲೆ ಮೇಲೆ ಹಾಲಿಟ್ಟವರು ನೋಡ್ತಾರಲ್ಲ, ಹಾಗೆ ನೋಡ್ತೀಯ ನನ್ನನ್ನ. ಉಕ್ಕತ್ತೆ ಅಂತ ಕಾಯ್ತಾ.'

'ಮತ್ತೇನು ಮಾಡ್ಲಿ? ಡಾಕ್ಟರು ನನಗೆ ತಾನೇ ಹೇಳಿದ್ದು.'

'ಹೌದು, ನಿನಗೆ ಹೇಳಿದ್ರು. ಕಾಯಿಲೆ ಬಂದಿದ್ದು ನನಗೆ, ಹೇಳಿದ್ದು ನಿನಗೆ. ಅಲ್ಲಿ ಡಿಪೋದಲ್ಲಿ ಒಂದು ಕಿಂಡಿ, ಇಲ್ಲಿ ನಿನ್ನ ಕಣ್ಣು. ನಾನು ಉಸಿರಾಡೋದು ಎಲ್ಲಿ?'

ಅವನ ದನಿ ಏರಿತ್ತು. ಅವಳು ಇಷ್ಟು ದಿನ ಕಾದದ್ದು ಇದಕ್ಕೇ. ಬಂದಾಗ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

'ನಾನು ಎಲ್ಲಿ ಉಸಿರಾಡ್ಲಿ?' ಅಂದಳು. 'ನೀವು ತಿಂದ್ರೆ ನನ್ನ ತಪ್ಪು, ತಿನ್ನದೇ ಇದ್ರೆ ನಾನು ಜೈಲರಮ್ಮ. ನನಗೆ ಹಿಡಿಸಲ್ಲ ಅಂತ ಯಾರು ಹೇಳಿದ್ದು ನಿಮಗೆ? ನಿಮ್ಮ ಅಮ್ಮನ ಎಂಜಲು ಕೇಕು ತಿಂದೆ ನಿನ್ನೆ. ಗೊತ್ತಾ?'

ಅವನಿಗೆ ಗೊತ್ತಿರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು, ನಿಲ್ಲಿಸಲು ಇಬ್ಬರಿಗೂ ನೆನಪಾಗಲಿಲ್ಲ.

'ಕರೀಬೇಕಿತ್ತು' ಅಂದ ಕೊನೆಗೆ.

'ಕರೆದಿದ್ರೆ ಬಯ್ತಿದ್ದೆ' ಅಂದಳು ಅವಳು. 'ಬೈದು ಆಮೇಲೆ ಕೂರ್ತಿದ್ದೆ.'

ಅಲ್ಲಿಂದ ಎಲ್ಲ ಸರಿಹೋಯಿತು ಅಂತಲ್ಲ. ಡ್ರೈವರ್ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತೇನೆ ಅಂದ. ಅವಳು ಬಿಟ್ಟುಕೊಟ್ಟಳು. ಮೊದಲ ವಾರ ತರಕಾರಿಯೆಲ್ಲ ತಳ ಹತ್ತಿತು. ಎರಡನೆಯ ವಾರ ಅವನು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೈಯುವುದು ಬೀದಿಗೆ ಕೇಳಿತು. ಅತ್ತೆಗೂ ಮಗಳಿಗೂ ಅವಳಿಗೂ ಬೇರೆ ಅಡುಗೆ ಆಗತೊಡಗಿತು, ಅದರಲ್ಲಿ ಉಪ್ಪಿತ್ತು. ಅವನು ಡಿಪೋದಲ್ಲಿ ಏನು ತಿನ್ನುತ್ತಾನೆ ಅಂತ ಅವಳು ಕೇಳಲಿಲ್ಲ, ಅಂಗಿ ಮೂಸುವುದನ್ನೂ ಬಿಟ್ಟಳು. ಆದರೆ ಬಿಟ್ಟದ್ದು ಮೂಗು ಮಾತ್ರ. ತಲೆ ಅಲ್ಲೇ ಇತ್ತು. ಮೊದಲು ಕಣ್ಣಿಗೆ ಕಾಣುತ್ತಿದ್ದ ಕಾವಲು ಈಗ ಒಳಗೆ ಸೇರಿಕೊಂಡಿತ್ತು. ಪರದೆಯ ಹಿಂದೆ ಗಿರಾಕಿಯ ಕಾಲ ಬಳಿ ಮಂಡಿಯೂರಿ ಅಂಚು ಮಡಚುವಾಗ, ಅಂಗಡಿಯ ಫೋನು ಬಡಿದುಕೊಂಡರೆ ಎದೆ ಧಸಕ್ ಅನ್ನುತ್ತಿತ್ತು. ಹೀಗೆ ಹೆದರುತ್ತೇನೆ ಅಂತ ಈಗ ಯಾರಿಗೂ ಹೇಳುವಂತೆಯೂ ಇರಲಿಲ್ಲ.

ಒಂದು ಭಾನುವಾರ ಓರಗಿತ್ತಿ ಬಂದು ಚಪ್ಪಲಿ ಕೊಳ್ಳಲು ಅವಳನ್ನು ಹೊರಡಿಸಿಕೊಂಡು ಹೋದಳು. ಅಂಗಡಿಯಿಂದ ಅಂಗಡಿಗೆ ಅಲೆದು, ಎರಡೂ ಕಾಲಿಗೆ ಕಚ್ಚದ ಜೋಡಿ ಸಿಗದೆ, ಬೀದಿಬದಿಯ ಬೆಂಚಿನ ಮೇಲೆ ಕೂತರು. ಓರಗಿತ್ತಿ ಎದುರಿನ ಗಾಡಿಯಿಂದ ಕರಿದ ಆಲೂಗಡ್ಡೆ ತಂದಳು, ಒಂದೇ ಪೊಟ್ಟಣ, ಇಬ್ಬರಿಗೂ. ಬಿಸಿ ಇತ್ತು. ಸೂಜಿಯಕ್ಕ ಊದಿ ಊದಿ ತಿಂದಳು. ಓರಗಿತ್ತಿ ಮೈದುನನ ಗೊರಕೆಯ ಬಗ್ಗೆ ಏನೋ ಹೇಳಿದಳು, ಅವಳು ಬಾಯಿ ತುಂಬಿಕೊಂಡೇ ನಕ್ಕಳು. ಆಮೇಲೆ ಬೆರಳು ಒರೆಸಿಕೊಂಡು, ಓರಗಿತ್ತಿ ನೀರು ತರಲು ಎದ್ದ ಹೊತ್ತಿಗೆ, ಮನೆಗೆ ಫೋನ್ ಮಾಡಿದಳು.

'ಹೇಳು' ಅಂದ ಡ್ರೈವರ್.

'ಏನಿಲ್ಲ, ಸುಮ್ನೆ.'

'ನುಂಗಿದೆ ಮಾತ್ರೆ.'

'ನಾನು ಕೇಳಲಿಲ್ಲ.'

'ನೀನು ಕೇಳ್ತಿದ್ದೆ' ಅಂದ ಅವನು. ಸ್ವಲ್ಪ ಹೊತ್ತು ಇಬ್ಬರೂ ಫೋನು ಇಡಲಿಲ್ಲ. ಅವನ ಒಲೆಯ ಮೇಲೆ ಏನೋ ಚುರ್ ಅನ್ನುತ್ತಿತ್ತು. ಅದೇನು ಎಂದು ಕೇಳಲು ಅವಳ ತುಟಿಯವರೆಗೂ ಬಂತು.

'ಚಪ್ಪಲಿ ಸಿಗಲಿಲ್ಲ' ಅಂದಳು.